ಹೊಗೆಗೆ ಮೀನು ಒಣಗಿಸುವ ಅತ್ತೆ, ಬಿಡದ ಕೆಮ್ಮು: ಅನುಭವ ಇದ್ದವರು ಹೇಳಿ

ಪ್ರಶ್ನೆ, ಹಾರಂಗಿ ಹಿನ್ನೀರಿನ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಯ ವಿಷಯ ಕೇಳಬೇಕಿತ್ತು. ವಯಸ್ಸು ಐವತ್ತೆಂಟು. ಬೀಡಿ, ಸಿಗರೇಟು ಯಾವತ್ತೂ ಮುಟ್ಟಿದವರಲ್ಲ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಮಳೆಗಾಲದಲ್ಲಿ ಮೀನು ಹೊಗೆಗಿಟ್ಟು ಒಣಗಿಸುತ್ತಾರೆ. ಹಿನ್ನೀರಿನ ಕಾಟ್ಲಾ, ಗೆಂಡೆ, ಜಿಲೇಬಿ ಮೀನು, ಜೊತೆಗೆ ಹಂದಿ ಮಾಂಸ. ಮೊದಲು ಮನೆಗೂ ನೆಂಟರಿಗೂ ಆಗುವಷ್ಟೇ ಇತ್ತು. ಈಗ ಹೋಂಸ್ಟೇಯವರು ಕೇಳಿ ತಗೊಳ್ಳುತ್ತಾರೆ. ಹಾಗಾಗಿ ಬೇಸಿಗೆಯಲ್ಲೂ ಒಲೆ ಆರುವುದಿಲ್ಲ.

ಒಲೆ ಇರುವುದು ಹಿತ್ತಿಲಿಗೆ ಅಂಟಿಕೊಂಡ ತಗಡಿನ ಮಾಡಿನ ಕೋಣೆಯಲ್ಲಿ. ಸುತ್ತ ಗೋಡೆ, ಒಂದೇ ಬಾಗಿಲು. ಇರಚಲು ಹೊಡೆಯುತ್ತದೆ ಅಂತ ಮಳೆಗಾಲದಲ್ಲಿ ಬಾಗಿಲಿಗೂ ಟಾರ್ಪಾಲ್ ಇಳಿಬಿಡುತ್ತೇವೆ. ಒಲೆ ಮೇಲೆ ಬಿದಿರಿನ ತಟ್ಟಿ, ತಟ್ಟಿ ಮೇಲೆ ಮೀನು. ಅತ್ತೆ ಪಕ್ಕದಲ್ಲೇ ಮಣೆ ಹಾಕಿ ಕೂತು ಮೀನು ಮಗುಚುತ್ತಾರೆ. ಬೆಂಕಿ ಎದ್ದರೆ ನೀರು ಚಿಮುಕಿಸಿ ಹೊಗೆ ಮಾಡುತ್ತಾರೆ.

ಕಳೆದ ವರ್ಷದ ಮಳೆಯಿಂದ ಕೆಮ್ಮು ಬಿಟ್ಟೇ ಇಲ್ಲ. ಬೆಳಗ್ಗೆ ಎದ್ದ ಕೂಡಲೇ ಕಫ. ನೀರಿನ ದಡದಿಂದ ಮನೆಗೆ ಹತ್ತುವಾಗ ನಡುವೆ ನಿಂತು ಉಸಿರು ತಗೊಳ್ಳುತ್ತಾರೆ. ಸಂಜೆಯಾದರೆ ತಲೆನೋವು, ಕಣ್ಣು ಕೆಂಪು. ತೋರಿಸಿದ ಕಡೆಯೆಲ್ಲ ಶೀತ ಅಂತ ಸಿರಪ್ಪು, ಮಾತ್ರೆ ಕೊಟ್ಟು ಕಳಿಸಿದರು. ಇದು ಹೊಗೆಯಿಂದಲೇ ಬಂದಿದ್ದಾ? ಯಾವ ಟೆಸ್ಟ್ ಮಾಡಿಸಬೇಕು? ಒಲೆ ಬಿಡಿ ಅಂದರೆ ಅತ್ತೆ ಒಪ್ಪಲ್ಲ. ಯಾರ ಹತ್ತಿರವೂ ಕೈ ಚಾಚದೆ ಅವರು ದುಡಿಯುವ ದುಡ್ಡು ಅದೊಂದೇ. ಕೆಲಸ ಬಿಡಿಸದೆ ಏನಾದರೂ ಮಾಡಬಹುದಾ?

ಗೋಣಿಕೊಪ್ಪದಿಂದ

ನಮ್ಮಮ್ಮನಿಗೂ ಇದೇ ಆಗಿದ್ದು. ಅವರದು ಮೀನಿನ ಕೆಲಸ ಅಲ್ಲ, ತೋಟದ ಆಳುಗಳಿಗೆ ದಿನಾ ಸೌದೆ ಒಲೆಯಲ್ಲಿ ಅಡುಗೆ. "ಮಳೆ ನಿಂತರೆ ಸರಿ ಹೋಗುತ್ತೆ" ಅಂತ ಪ್ರತಿ ವರ್ಷ ಅವರೇ ಹೇಳುತ್ತಿದ್ದರು. ಮಳೆ ನಿಂತರೂ ಕೆಮ್ಮು ನಿಲ್ಲದ ವರ್ಷ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಊದುವ ಟೆಸ್ಟ್ ಮಾಡಿಸಿ ಸಿಒಪಿಡಿ ಅಂದರು, ಅಂದರೆ ಉಸಿರುನಾಳ ಕಿರಿದಾಗಿ ಉಸಿರು ಸರಾಗ ಹೊರಬರದ, ಬಹಳ ಕಾಲ ಇರುವ ಶ್ವಾಸಕೋಶದ ಕಾಯಿಲೆ. ನಮಗೆ ಆ ಹೆಸರೇ ಹೊಸದು. ಸಿಗರೇಟು ಸೇದುವವರಿಗೆ ಬರುವ ಕಾಯಿಲೆ ನಮ್ಮಮ್ಮನಿಗೆ ಯಾಕೆ ಬಂತು ಅಂತ ಅಪ್ಪ ಡಾಕ್ಟರ ಹತ್ತಿರ ಜೋರಾಗಿಯೇ ಕೇಳಿದರು. ಇನ್ಹೇಲರ್ ಶುರು ಮಾಡಿ, ಅಡುಗೆ ಗ್ಯಾಸಿಗೆ ಬದಲಾಯಿಸಿದ ಮೇಲೆ ರಾತ್ರಿ ನಿದ್ದೆ ಬರುತ್ತಿದೆ. ಹಳೆಯ ಉಸಿರು ಪೂರ್ತಿ ವಾಪಸ್ ಬಂದಿಲ್ಲ. ಅಕ್ಕ, ಇನ್ನೊಂದು ಮಳೆಗಾಲ ಕಾಯಬೇಡಿ.

ಮಡಿಕೇರಿಯಿಂದ, ನಿವೃತ್ತ ನರ್ಸ್

ತಂಗಿ, ನೀವು ಬರೆದಿದ್ದರಲ್ಲಿ ಮೂರು ಮಾತು ನನಗೆ ಎದ್ದು ಕಾಣುತ್ತಿದೆ. ಒಂದು ಏರು ಹತ್ತುವಾಗ ಏದುಸಿರು. ಎರಡು ಬೆಳಗಿನ ಕಫ. ಮೂರು ಸಂಜೆಯ ತಲೆನೋವು. ಒಂದೊಂದಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲ ಕೆಲಸ ಕಫದ ಪರೀಕ್ಷೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಕ್ಷಯ ಇದೆಯಾ ಅಂತ ನೋಡಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಜೊತೆಗೆ ಎದೆಯ ಎಕ್ಸ್-ರೇ. "ಹೊಗೆ ಇದೆಯಲ್ಲ, ಅದಕ್ಕೇ ಕೆಮ್ಮು" ಅಂತ ನಾವೇ ತೀರ್ಮಾನ ಮಾಡಿಬಿಟ್ಟರೆ ಬೇರೆ ಕಾಯಿಲೆ ಒಳಗೇ ಬೆಳೆಯುತ್ತೆ. ಕ್ಷಯ ಅಲ್ಲ ಅಂತ ಆದ ಮೇಲೆ ಊದುವ ಟೆಸ್ಟ್, ಅಂದರೆ ಸ್ಪೈರೋಮೆಟ್ರಿ. ಎಕ್ಸ್-ರೇ ಚೆನ್ನಾಗಿದ್ದರೂ ಉಸಿರುನಾಳ ಕಿರಿದಾಗಿರಬಹುದು. ಅದು ಗೊತ್ತಾಗುವುದು ಊದಿಸಿದಾಗಲೇ.

ಟೆಸ್ಟ್ ಹೇಗಿರುತ್ತೆ ಅಂತ ಅತ್ತೆಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹೆದರಿ ಅರ್ಧಕ್ಕೇ ನಿಲ್ಲಿಸುತ್ತಾರೆ. ಮೂಗಿಗೆ ಕ್ಲಿಪ್ ಹಾಕುತ್ತಾರೆ. ಕೊಳವೆಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿ ಮಾಡಬೇಕು. ಎದೆ ತುಂಬ ಉಸಿರು ಎಳೆದು, ಒಂದೇ ಸಲಕ್ಕೆ ಜೋರಾಗಿ ಬಿಡಬೇಕು. ಖಾಲಿ ಆಯ್ತು ಅನಿಸಿದರೂ ನಿಲ್ಲಿಸಬಾರದು. ಪಕ್ಕದಲ್ಲಿ ನಿಂತವರು "ಇನ್ನೂ, ಇನ್ನೂ, ಇನ್ನೂ" ಅಂತ ಕೂಗುತ್ತಲೇ ಇರುತ್ತಾರೆ. ನಾನು ಎಷ್ಟೋ ಜನಕ್ಕೆ ಹಾಗೆ ಕೂಗಿದ್ದೇನೆ. ಕೆಲವು ಅಜ್ಜಿಯಂದಿರು ನಾಚಿಕೆಯಿಂದ ಮೆಲ್ಲಗೆ ಊದುತ್ತಾರೆ, ಆಗ ಲೆಕ್ಕ ತಪ್ಪುತ್ತೆ. ಸರಿಯಾದ ಊದು ಮೂರಾದರೂ ಬೇಕು. ಆಮೇಲೆ ಉಸಿರುನಾಳ ಅಗಲ ಮಾಡುವ ಸಾಲ್ಬುಟಮಾಲ್ ಪಂಪ್ (ಇನ್ಹೇಲರ್) ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದ ಗಾಳಿ ಎಷ್ಟು, ಒಟ್ಟು ಬಂದಿದ್ದು ಎಷ್ಟು ಅಂತ ನೋಡುತ್ತಾರೆ. ಪಂಪ್ ಕೊಟ್ಟ ಮೇಲೂ ಆ ಪ್ರಮಾಣ 0.70ಕ್ಕಿಂತ ಕಡಿಮೆ ಇದ್ದರೆ ಸಿಒಪಿಡಿ ಕಡೆಗೆ ಬೆರಳು ತೋರಿಸುತ್ತೆ. ಪಂಪ್ ಕೊಟ್ಟ ಮೇಲೆ ಚೆನ್ನಾಗಿ ಏರಿದರೆ ಅಸ್ತಮಾ ಇರಬಹುದು. ಎರಡಕ್ಕೂ ಔಷಧಿ ಬೇರೆ, ಅದಕ್ಕೇ ಈ ಟೆಸ್ಟ್ ಬೇಕೇ ಬೇಕು.

ಡಾಕ್ಟರ ಹತ್ತಿರ ಹೋದಾಗ ಹೊಗೆ ಕೆಲಸದ ಮಾತನ್ನು ನೀವೇ ಎತ್ತಿ. ಅವರು ಕೇಳುವುದು "ಸಿಗರೇಟು ಸೇದುತ್ತೀರಾ" ಅಂತ. ಅತ್ತೆ ಇಲ್ಲ ಅಂತಾರೆ. ಅಲ್ಲಿಗೆ ಮುಗಿಯಿತು. ದಿನಕ್ಕೆ ಎಷ್ಟು ಗಂಟೆ ಒಲೆ ಹತ್ತಿರ ಕೂರುತ್ತಾರೆ, ಎಷ್ಟು ವರ್ಷದಿಂದ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಈ ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆಯನ್ನು ವೈದ್ಯರು ಹೊಗೆಯ ಸೂಚ್ಯಂಕ ಅಂತ ಬಳಸುತ್ತಾರೆ. ನಮ್ಮ ಪಕ್ಕದ ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ನೋಡಿ ಮಾಡಿದ ಅಧ್ಯಯನದಲ್ಲಿ ಈ ಸಂಖ್ಯೆ 60 ದಾಟಿದವರಲ್ಲಿ ಬಿಡದ ಕಫದ ಕೆಮ್ಮು ಜಾಸ್ತಿ ಕಂಡಿತ್ತು. ದಿನಕ್ಕೆ 4 ಗಂಟೆ, 30 ವರ್ಷ ಅಂದರೇ 120 ಆಯ್ತು. ಮೀನು ಹೊಗೆ ಹಾಕುವವರು ಅಡುಗೆ ಮಾಡುವವರಿಗಿಂತ ಜಾಸ್ತಿ ಹೊತ್ತು ಕೂರುತ್ತಾರೆ. ಅವರ ಹೊಗೆಯೂ ಬೇಕಂತಲೇ ಮಾಡಿದ ದಟ್ಟ ಹೊಗೆ.

ಇನ್ನು ತಲೆನೋವು. ಟಾರ್ಪಾಲ್ ಇಳಿಬಿಟ್ಟ ಕೋಣೆಯಲ್ಲಿ ಕೆಂಡ, ಅರೆಬೆಂದ ಸೌದೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತೆ, ಹಿಡಿತವೂ ಇನ್ನೂರು ಪಟ್ಟಿಗಿಂತ ಜಾಸ್ತಿ. ಹೊರಗೆ ಬಂದು ಒಳ್ಳೆ ಗಾಳಿ ಕುಡಿದರೂ ಅರ್ಧ ಇಳಿಯಲು ನಾಲ್ಕೈದು ಗಂಟೆ ಬೇಕು. ತಲೆನೋವು, ತಲೆ ಸುತ್ತು, ವಾಕರಿಕೆ ಬಂದರೆ "ಹಸಿವಿಗೆ ಇರಬೇಕು" ಅಂತ ಸುಮ್ನೆ ಕೂರಬೇಡಿ. ತಕ್ಷಣ ಹೊರಗೆ ಕರೆತನ್ನಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ನಂಬಬೇಡಿ. ಅದಕ್ಕೆ ಆಮ್ಲಜನಕಕ್ಕೂ ಈ ಅನಿಲಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ರಕ್ತದಲ್ಲಿ ವಿಷ ಇದ್ದಾಗಲೂ 98 ತೋರಿಸಬಹುದು.

ಕಣ್ಣನ್ನೂ ತೋರಿಸಿ. ಸೌದೆ ಹೊಗೆಯಲ್ಲಿ ದುಡಿದ ಹೆಂಗಸರಿಗೆ ಪೊರೆ ಬರುವುದು ಜಾಸ್ತಿ. ಮನೆಯಲ್ಲಿ ಬಸುರಿ, ಎಳೆ ಮಕ್ಕಳು ಇದ್ದರೆ ಆ ಕೋಣೆಗೆ ಕಾಲಿಡದ ಹಾಗೆ ನೋಡಿಕೊಳ್ಳಿ. ಹೊಗೆಯಿಂದ ಹುಟ್ಟುವ ಮಗುವಿನ ತೂಕ ಕಡಿಮೆಯಾಗುತ್ತೆ, ಸಣ್ಣ ಮಕ್ಕಳಿಗೆ ನ್ಯುಮೋನಿಯಾ ಬೇಗ ಹಿಡಿಯುತ್ತೆ.

ಶನಿವಾರಸಂತೆಯಿಂದ

ನಮ್ಮಜ್ಜಿ ಹೊಗೆ ತುಂಬಿದ ಅಡುಗೆಮನೆಯಲ್ಲೇ ತೊಂಬತ್ತು ವರ್ಷ ಬಾಳಿದರು. ಹೊಗೆ ಇದ್ದಿದ್ದಕ್ಕೇ ಹೆಂಚಿನ ಮಾಡಿನ ಬಿದಿರ ಗಳ ಗಟ್ಟಿ ಇತ್ತು, ಸೊಳ್ಳೆ ಇರಲಿಲ್ಲ. ಎಲ್ಲದಕ್ಕೂ ಹೊಗೆ ಕಾರಣ ಅನ್ನುವುದು ಸರೀನಾ?

ಮಡಿಕೇರಿಯಿಂದ, ನಿವೃತ್ತ ನರ್ಸ್

ಅಣ್ಣ, ನಿಮ್ಮಜ್ಜಿಯ ಆಯುಸ್ಸು ಗಟ್ಟಿ ಇತ್ತು, ಸಂತೋಷ. ಆದರೆ ಹೆಂಚಿನ ಮಾಡಿನ ಎತ್ತರದ ಅಡುಗೆಮನೆಯಲ್ಲಿ ಹೊಗೆ ಸಂದಿಯಿಂದ ಮೇಲೆ ಹೋಗುತ್ತಿತ್ತು. ತಗ್ಗು ತಗಡಿನ ಮಾಡಿಗೆ ಟಾರ್ಪಾಲ್ ಬಿಗಿದರೆ ಹೊಗೆಗೆ ದಾರಿಯೇ ಇಲ್ಲ. ಇನ್ನೊಂದು, ಆಗಿನ ಕಾಲದಲ್ಲಿ ಉಬ್ಬಸ ಬಂದು ಮೂಲೆ ಸೇರಿದ ಎಷ್ಟು ಅಜ್ಜಿಯಂದಿರಿಗೆ ಹೆಸರಿಟ್ಟು ಯಾರು ಕಾಯಿಲೆ ಹೇಳಿದರು? "ವಯಸ್ಸಾಯ್ತು" ಅಂದರು, ಅಷ್ಟೇ.

ಕರಿಕೆಯಿಂದ, ರಬ್ಬರ್ ತೋಟ

ನಮ್ಮ ಕಡೆ ರಬ್ಬರ್ ಶೀಟು ಒಣಗಿಸುವ ಹೊಗೆಮನೆ ಇರುತ್ತೆ. ಶೀಟಿಗೆ ಹೊಗೆ ಬೇಕು, ಆಳಿಗೆ ಬೇಡ. ಅದಕ್ಕೆ ಒಲೆಯ ಬಾಯಿ ಗೋಡೆಯ ಹೊರಗೆ. ಸೌದೆ ಹಾಕುವುದು ಹೊರಗಿಂದ. ಹೊಗೆ ನೆಲದಡಿಯ ದಾರಿಯಿಂದ ಒಳಗೆ ಹೋಗಿ ಮಾಡಿನ ಕಿಂಡಿಯಿಂದ ಆಚೆ ಹೋಗುತ್ತೆ. ಶೀಟು ಹಾಕುವಾಗ, ತೆಗೆಯುವಾಗ ಬಾಗಿಲು ತೆಗೆದಿಟ್ಟು, ಹೊಗೆ ಹೋದ ಮೇಲೆ ಒಳಗೆ ಹೋಗುವುದು. ಹಳೆಯ ಏಲಕ್ಕಿ ಗೂಡಿನಲ್ಲೂ ಒಲೆ ಹೊರಗೇ ಅಲ್ವಾ? ಅಲ್ಲಿ ಏಲಕ್ಕಿಯ ಹಸಿರು ಕೆಡಬಾರದು ಅಂತ ಹೊಗೆಯನ್ನು ತಗಡಿನ ಕೊಳವೆಯೊಳಗೇ ಓಡಿಸಿ ಬರೀ ಬಿಸಿ ಬಳಸುತ್ತಾರೆ. ಏಲಕ್ಕಿಯ ಬಣ್ಣಕ್ಕೆ, ರಬ್ಬರಿನ ಗ್ರೇಡಿಗೆ ಇಷ್ಟು ಮುತುವರ್ಜಿ ವಹಿಸುವ ನಾವು ಒಲೆ ಮುಂದೆ ಕೂರುವ ಹೆಂಗಸಿಗೆ ಒಂದು ಕೊಳವೆ ಇಟ್ಟುಕೊಡಲಿಲ್ಲ. ನನಗೆ ಇದು ಬಹಳ ಬೇಜಾರಿನ ವಿಷಯ. ನಿಮ್ಮ ಅತ್ತೆಯ ಕೋಣೆಯನ್ನು ಇದೇ ರೀತಿ ಮಾಡಬಹುದು, ಹೊಸ ವಿದ್ಯೆ ಏನೂ ಬೇಡ.

ಪ್ರಶ್ನೆ ಕೇಳಿದವರು

ನರ್ಸಕ್ಕ ಹೇಳಿದ ಹಾಗೆ ಮಾಡಿಸಿದೆವು. ಕಫದಲ್ಲಿ ಕ್ಷಯ ಇಲ್ಲ. ಊದುವ ಟೆಸ್ಟ್ ಆಯಿತು, ಅತ್ತೆ ಚೆನ್ನಾಗಿಯೇ ಊದಿದರು. ಸಿಒಪಿಡಿ, ಮಧ್ಯಮ ಮಟ್ಟ ಅಂದರು. ಚೀಟಿ ನೋಡಿದ ಮೇಲೆ ಡಾಕ್ಟರು ಬಹಳ ಹೊತ್ತು ಮಾತಾಡಿದರು. ದಿನಾ ಎಳೆಯುವ ಇನ್ಹೇಲರ್ ಕೊಟ್ಟಿದ್ದಾರೆ. ಫ್ಲೂ ಜ್ವರದ ಲಸಿಕೆ, ನ್ಯುಮೋನಿಯಾ ಲಸಿಕೆ ಹಾಕಿಸಿ ಅಂದರು. ಅತ್ತೆಗೆ ಪಂಪ್ ಅಂದರೆ ಭಯ, ಚಟ ಹತ್ತುತ್ತೆ ಅಂತಾರೆ. ಒಲೆ ಮಾತ್ರ ಬಿಡಲ್ಲ ಅಂತ ಖಡಾಖಂಡಿತ. ಎನ್95 ಮಾಸ್ಕ್ ಹಾಕಿಕೊಂಡು ಕೂತರೆ ಸಾಕಾ?

ಗೋಣಿಕೊಪ್ಪದಿಂದ

ಪಂಪಿನ ಚಟ ಇಲ್ಲ ಅಕ್ಕ. ನಮ್ಮಮ್ಮನೂ ಹಾಗೇ ಅಂದಿದ್ದರು. ಔಷಧಿ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು ಅಂತ ನಮಗೆ ಹೇಳಿದ್ದರು. ಒತ್ತುವ ಪಂಪ್ ಆದರೆ ಸ್ಪೇಸರ್ ಅಂತ ಪ್ಲಾಸ್ಟಿಕ್ ಡಬ್ಬಿ ಸಿಗುತ್ತೆ, ಅದು ಹಾಕಿ ಎಳೆಸಿ. ಇಲ್ಲದಿದ್ದರೆ ಔಷಧಿಯೆಲ್ಲ ಗಂಟಲಲ್ಲೇ ಅಂಟುತ್ತೆ. ಸ್ಟೀರಾಯ್ಡ್ ಇರುವ ಪಂಪ್ ಆದರೆ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣು.

ಮಡಿಕೇರಿಯಿಂದ, ನಿವೃತ್ತ ನರ್ಸ್

ಮಾಸ್ಕ್ ಬಗ್ಗೆ. ಸೆರಗು, ಕರವಸ್ತ್ರ, ಬಟ್ಟೆ ಮಾಸ್ಕ್ ಇವು ಸಣ್ಣ ಕಣವನ್ನು ತಡೆಯುವುದಿಲ್ಲ. ಹೊಗೆಯ ಕೆಟ್ಟ ಕಣಗಳು 2.5 ಮೈಕ್ರಾನ್‌ಗಿಂತ ಸಣ್ಣವು, ತಲೆಗೂದಲಿನ ದಪ್ಪದ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಸಣ್ಣ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 60. ಕೊಳವೆ ಇಲ್ಲದ ಸೌದೆ ಒಲೆಯ ಕೋಣೆಯಲ್ಲಿ ಇದು ನೂರಾರು ಇರುತ್ತೆ, ಹೊಗೆ ದಟ್ಟವಾದಾಗ ಸಾವಿರ ದಾಟುತ್ತೆ. ಎನ್95 ಮುಖಕ್ಕೆ ಬಿಗಿಯಾಗಿ ಕೂತರೆ ಕಣ ತಡೆಯುತ್ತೆ ನಿಜ. ಆದರೆ ಕಾರ್ಬನ್ ಮಾನಾಕ್ಸೈಡ್, ಕಣ್ಣುರಿಸುವ ಅನಿಲ ಯಾವುದನ್ನೂ ತಡೆಯಲ್ಲ. ಮೊದಲೇ ಉಸಿರು ಕಟ್ಟುವವರು ಬಿಸಿ ಒಲೆ ಮುಂದೆ ಅದನ್ನು ಹಾಕಿ ಗಂಟೆಗಟ್ಟಲೆ ಕೂರುವುದೂ ಕಷ್ಟ. ಮೀನು ಮಗುಚುವ ಐದು ನಿಮಿಷಕ್ಕೆ ಹಾಕಲಿ. ಅದನ್ನೇ ನಂಬಿ ಹೊಗೆಯಲ್ಲಿ ಕೂರುವುದು ಬೇಡ. ಮುಂದೆ ಯಾವತ್ತಾದರೂ ಮನೆಯಲ್ಲಿ ಆಕ್ಸಿಜನ್ ಇಡುವ ಹಾಗಾದರೆ ಅದು ಒಲೆ ಇರುವ ಕೋಣೆಯ ಹತ್ತಿರವೂ ಹೋಗಬಾರದು.

ಏರು ಹತ್ತುವಾಗ ತುಟಿ ಸ್ವಲ್ಪ ಚೂಪು ಮಾಡಿ, ಉಸಿರು ಎಳೆದದ್ದಕ್ಕಿಂತ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಲು ಹೇಳಿಕೊಡಿ. ದಿನಾ ಸಮತಟ್ಟು ಜಾಗದಲ್ಲಿ ನಡೆಯಲಿ. ಏದುಸಿರು ಬರುತ್ತೆ ಅಂತ ಕೂತೇ ಇದ್ದರೆ ಕಾಲಿನ ಶಕ್ತಿಯೂ ಹೋಗುತ್ತೆ. ತುಟಿ, ಉಗುರು ನೀಲಿಯಾದರೆ, ಮಾತಾಡಲು ಉಸಿರು ಸಾಲದಿದ್ದರೆ, ಕಫದ ಬಣ್ಣ ಬದಲಾಗಿ ಜಾಸ್ತಿಯಾದರೆ, ಆ ದಿನವೇ ಆಸ್ಪತ್ರೆ.

ಮಂಗಳೂರಿನಿಂದ, ಊರು ನಾಪೋಕ್ಲು

ನಾನು ಮೀನು ಸಂಸ್ಕರಣೆಯಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಬಿಡಿಸದೆ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಹೇಳುತ್ತೇನೆ. ಮಾಡಬಹುದು.

ಹೊಗೆಗೆ ಮೀನು ಒಣಗಿಸುವುದು ಲಕ್ಷಾಂತರ ಜನರ ಬದುಕು ಆಗಿರುವುದು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ. ಘಾನಾ, ಸೆನೆಗಲ್, ಐವರಿ ಕೋಸ್ಟ್ ಕಡೆ. ಅಲ್ಲೂ ಇದು ಹೆಂಗಸರ ಕೈಯಲ್ಲಿರುವ ಕಸುಬು. ಅವರೂ ಹೇಳುವುದು ಇದನ್ನೇ: ಕಣ್ಣುರಿ, ಕೆಮ್ಮು, ಎದೆ ಬಿಗಿತ, ತಲೆನೋವು, ಕೈ ಸುಟ್ಟ ಗಾಯ. ಮೊದಲು ದೊಡ್ಡ ತಗಡಿನ ಡ್ರಮ್ಮಿನಲ್ಲೋ ದುಂಡನೆಯ ಮಣ್ಣಿನ ಒಲೆಯಲ್ಲೋ ಮಾಡುತ್ತಿದ್ದರು. ಘಾನಾದ ಚೋರ್ಕರ್ ಎಂಬ ಮೀನುಗಾರರ ಊರಿನಲ್ಲಿ ಅಲ್ಲಿನ ಹೆಂಗಸರ ಜೊತೆ ಸೇರಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಒಂದು ಒಲೆ ಮಾಡಿದರು. ಅದಕ್ಕೆ ಚೋರ್ಕರ್ ಒಲೆ ಅಂತಲೇ ಹೆಸರು. ಚೌಕಾಕಾರದ ಗೋಡೆ, ಮೇಲೆ ಒಂದರ ಮೇಲೊಂದು ಜೋಡಿಸುವ ಮರದ ಚೌಕಟ್ಟಿನ ಜಾಲರಿ ತಟ್ಟೆ. ತಟ್ಟೆಗಳೇ ಸೇರಿ ಹೊಗೆಯ ಗೂಡಾಗುತ್ತೆ. ಸೌದೆ ಕಡಿಮೆ ಸಾಕು, ಒಂದೇ ಸಲಕ್ಕೆ ಬಹಳ ಮೀನು ಹಿಡಿಯುತ್ತೆ. ಆದರೂ ಹೊಗೆ ಕೆಲಸದವರ ಮುಖಕ್ಕೆ ಬರುವುದು ಪೂರ್ತಿ ತಪ್ಪಲಿಲ್ಲ.

ಆಮೇಲೆ ಸೆನೆಗಲ್‌ನ ತಿಯಾರೋಯ್ ಎಂಬಲ್ಲಿನ ಮೀನುಗಾರಿಕೆ ತರಬೇತಿ ಕೇಂದ್ರದಲ್ಲಿ ಅದೇ ಸಂಸ್ಥೆ ಮುಂದಿನ ಒಲೆ ರೂಪಿಸಿತು. ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಎರಡು ಸಂಗತಿ. ಒಂದು, ಮೀನಿಗೂ ಕೆಂಡಕ್ಕೂ ನಡುವೆ ಎಣ್ಣೆ ಹಿಡಿಯುವ ತಟ್ಟೆ. ಮೀನಿನ ಕೊಬ್ಬು, ಹಂದಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿದಾಗ ಚುರ್ ಅಂತ ಎದ್ದೇಳುವ ಹೊಗೆಯಲ್ಲಿ ಬೆಂಜೋಪೈರೀನ್ ತರಹದ ವಿಷ ಜಾಸ್ತಿ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಬೆಂಜೋಪೈರೀನನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮನೆಯೊಳಗೆ ಸೌದೆ ಉರಿಸುವ ಹೊಗೆಯನ್ನೇ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚಿರುವ ಗುಂಪಿಗೆ 2010ರಲ್ಲಿ ಸೇರಿಸಿದೆ. ಎರಡನೆಯದು, ಮೀನನ್ನು ಮೊದಲು ಕೆಂಡದ ಬಿಸಿಯಲ್ಲಿ ಬೇಯಿಸಿ ಒಣಗಿಸುವುದು, ಹೊಗೆಯನ್ನು ಬೇರೆಯಾಗಿ, ಕೊನೆಗೆ, ಬೇಕಾದಷ್ಟೇ ಕೊಡುವುದು. ನಮ್ಮಲ್ಲಿ ಮೊದಲಿಂದ ಕೊನೆತನಕ ಹೊಗೆಯಲ್ಲೇ ಇಡುತ್ತೇವೆ. ಬಣ್ಣ, ಘಮ ಬರಲು ಅಷ್ಟು ಹೊಗೆ ಬೇಡವೇ ಬೇಡ. ಅತ್ತೆ ಹೊಗೆಯಲ್ಲಿ ಕೂರುವ ಹೊತ್ತು ಅಲ್ಲಿಗೇ ಬಹಳ ಕಡಿಮೆಯಾಗಬಹುದು.

ತಿನ್ನುವವರಿಗೂ ಇದು ಒಳ್ಳೆಯದು. ಹೊಗೆ ಹಾಕಿದ ಮೀನಿನಲ್ಲಿ ಬೆಂಜೋಪೈರೀನ್ ಕೆಜಿಗೆ 2 ಮೈಕ್ರೋಗ್ರಾಂ ಮೀರಬಾರದು ಅಂತ ಯುರೋಪ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ ಬಿಗಿ ಮಾಡಿದೆ. ಹೋಂಸ್ಟೇಯವರಿಗೆ ಈ ಮಾತು ಹೇಳಿ. ತೆಳು ಕಂದು ಬಣ್ಣದ ಮೀನು ಕೇಳಲಿ, ಕಪ್ಪು ಮೀನು ಕೇಳದಿರಲಿ. ಕಪ್ಪಗಿದ್ದರೆ ಅಸಲಿ ಅನ್ನುವ ನಂಬಿಕೆ ಗಿರಾಕಿಗಳಿಂದಲೇ ಹೋಗಬೇಕು.

ಸೌದೆ ಬಗ್ಗೆ ಒಂದು ಮಾತು. ನೀರು ಚಿಮುಕಿಸಿ ಹೊಗೆ ಎಬ್ಬಿಸುವುದನ್ನು ದಯವಿಟ್ಟು ನಿಲ್ಲಿಸಿ. ಒದ್ದೆ ಸೌದೆ ಅರೆಬರೆ ಉರಿಯುತ್ತೆ, ಕಣವೂ ವಿಷದ ಅನಿಲವೂ ಆಗಲೇ ಜಾಸ್ತಿ. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಶೇಕಡಾ 20ಕ್ಕಿಂತ ಕಡಿಮೆ ತೇವ ಇದ್ದರೆ ಒಣ ಸೌದೆ. ಮಾರ್ಚಿನಲ್ಲೇ ಸೀಳಿ, ಮಳೆ ತಾಗದ ಹಾಗೆ ಗಾಳಿ ಆಡುವ ಕಡೆ ಪೇರಿಸಿ. ಗಿಡ ಸವರಿದಾಗ ಬಿದ್ದ ಕಾಫಿ ರೆಂಬೆ ಚೆನ್ನಾಗಿ ಒಣಗಿದ್ದರೆ ಒಳ್ಳೆ ಕೆಂಡ ಕೊಡುತ್ತೆ. ತೆಂಗಿನ ಕರಟವೂ ಆಗುತ್ತೆ. ಪ್ಲೈವುಡ್ ತುಂಡು, ಬಣ್ಣ ಹೊಡೆದ ಹಲಗೆ, ಹಳೆ ಕಿಟಕಿ ಚೌಕಟ್ಟು ಒಲೆಗೆ ಬೇಡ. ಬೆಂಕಿ ಹತ್ತಿಸಲು ಪ್ಲಾಸ್ಟಿಕ್ ಕವರ್, ಟಯರ್ ತುಂಡು ಬಳಸುವುದನ್ನು ನಮ್ಮ ಊರಲ್ಲೇ ನೋಡಿದ್ದೇನೆ. ಮೀನಿನ ಜೊತೆ ಅದನ್ನೂ ತಿಂದಂತೆ, ಉಸಿರಾಡಿದಂತೆ.

ಮೀನನ್ನು ಬೆನ್ನ ಕಡೆ ಸೀಳಿ ತೆರೆದು, ಉಪ್ಪು ನೀರಿನಲ್ಲಿ ನೆನೆಸಿ, ಮೊದಲು ಗಾಳಿಗೆ ನೀರು ಇಳಿಸಿ. ಫ್ಯಾನ್ ಕೆಳಗೆ ಇಟ್ಟರೂ ಆಗುತ್ತೆ. ನೀರು ಇಳಿದ ಮೀನು ಒಲೆ ಮೇಲೆ ಬೇಗ ಮುಗಿಯುತ್ತೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸೋಲಾರ್ ಡ್ರೈಯರ್‌ಗಳನ್ನೂ ಮೀನು ಹೊಗೆ ಹಾಕುವ ಗೂಡುಗಳನ್ನೂ ರೂಪಿಸಿದೆ. ಮಳೆಗಾಲಕ್ಕೆ ಕರೆಂಟಿನ ಅಥವಾ ಗ್ಯಾಸಿನ ಜೋಡಣೆ ಇರುವ ಡ್ರೈಯರ್ ಇದೆ. ಸ್ವಸಹಾಯ ಸಂಘದವರು ಸೇರಿ ಕೇಳಿದರೆ ತರಬೇತಿಯೂ ಸಿಗುತ್ತೆ. ಒಬ್ಬೊಬ್ಬರೇ ತಗೊಳ್ಳಲು ದುಬಾರಿ.

ಸುಂಟಿಕೊಪ್ಪ ಕಡೆಯಿಂದ

ನಾನು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇರುವವಳು. ತೋಟದಲ್ಲಿ ಕೆಲಸ ಇಲ್ಲದ ಮಳೆ ದಿನಗಳಲ್ಲಿ ಒಬ್ಬರ ಮನೆಗೆ ಮೀನು, ಮಾಂಸ ಹೊಗೆ ಹಾಕಲು ಕೂಲಿಗೆ ಹೋಗುತ್ತಿದ್ದೆ. ಇಲ್ಲಿ ಎಲ್ಲರೂ ಮನೆಯವರ ಬಗ್ಗೆ ಹೇಳುತ್ತಿದ್ದೀರಿ, ಕೂಲಿಯವರ ವಿಷಯವೂ ಬರೆಯಬೇಕು ಅನಿಸಿತು. ಒಲೆ ಮುಂದೆ ಕೂರುವ ಕೆಲಸ ಮನೆಯವರು ಮಾಡದೆ ಇದ್ದಾಗ ನಮ್ಮಂಥವರಿಗೆ ಬರುತ್ತೆ. ಹೊಗೆ ತಾಗುತ್ತೆ ಅಂದರೆ "ಇನ್ನೊಬ್ಬಳನ್ನು ಕರೆಯುತ್ತೇವೆ" ಅಂತಾರೆ. ಕೆಮ್ಮು ಬಂದರೆ ಔಷಧಿ ನಮ್ಮದೇ ದುಡ್ಡು. ಆ ಕೂಲಿ ಮುಗಿಸಿ ಮನೆಗೆ ಬಂದರೆ ಅಲ್ಲೂ ಒಂದೇ ಕೋಣೆ, ಸೌದೆ ಒಲೆ, ಮಕ್ಕಳು. ಗ್ಯಾಸ್ ಸಿಲಿಂಡರ್ ಇದೆ, ತುಂಬಿಸಲು ದುಡ್ಡಾದ ತಿಂಗಳು ಉರಿಯುತ್ತೆ. ಕೆಲಸ ಕೊಡುವವರು ಇಲ್ಲಿ ಓದುತ್ತಿದ್ದರೆ ಕೇಳುತ್ತೇನೆ, ಒಬ್ಬರೇ ಇಡೀ ದಿನ ಕೂರುವ ಬದಲು ಇಬ್ಬರನ್ನು ಸರದಿ ಮೇಲೆ ಕೂರಿಸಿ. ಒಲೆಗೆ ಕೊಳವೆ ಹಾಕಿಸಿ.

ಪ್ರಶ್ನೆ ಕೇಳಿದವರು

ಅಕ್ಕ, ನಿಮ್ಮ ಮಾತು ಅತ್ತೆಗೆ ಓದಿ ಹೇಳಿದೆ. ದೊಡ್ಡ ಆರ್ಡರ್ ಬಂದಾಗ ನಮ್ಮಲ್ಲೂ ಪಕ್ಕದ ಮನೆಯ ಹುಡುಗಿ ಒಬ್ಬಳು ಬಂದು ಕೂರುತ್ತಾಳೆ. ಅವಳು ಈಗ ಬಸುರಿ. "ನನಗಾಗಿದ್ದು ಅವಳಿಗೆ ಬೇಡ, ಕೊಳವೆ ಹಾಕಿಸಿಬಿಡಿ" ಅಂತ ಅತ್ತೆಯೇ ಹೇಳಿದರು. ಅವಳಿಗೆ ಮೀನು ಸೀಳುವ, ಪ್ಯಾಕ್ ಮಾಡುವ ಕೆಲಸ ಮನೆಯೊಳಗೆ ಕೊಟ್ಟಿದ್ದೇವೆ, ಕೂಲಿ ಅಷ್ಟೇ. ಈಗ ಹೇಳಿ, ಇರುವ ಕೋಣೆಯಲ್ಲೇ ಏನೇನು ಬದಲಾಯಿಸಬೇಕು? ಎಲ್ಲಾ ಕೆಡವಿ ಕಟ್ಟಲು ಆಗಲ್ಲ.

ಕುಶಾಲನಗರದಿಂದ, ಗಾರೆ ಕೆಲಸ

ಮೇಡಂ, ನಮ್ಮಪ್ಪ ಅಸ್ತ್ರ ಒಲೆ ಹಾಕಿಕೊಡುತ್ತಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರುವಾದ ಅಸ್ತ್ರ ವಿಭಾಗದವರು ಮಾಡಿದ, ಹೊಗೆ ಕೊಳವೆ ಇರುವ ಒಲೆ ಅದು. ಊರೂರಲ್ಲಿ ಹಾಕಿಸಿದ್ದರು. ಒಲೆ ಚೆನ್ನಾಗಿತ್ತು. ಎಷ್ಟೋ ಮನೆಯಲ್ಲಿ ಕೊಳವೆ ಗುಡಿಸದೆ ಮಸಿ ಕಟ್ಟಿ, ಹೊಗೆ ವಾಪಸ್ ಬಂತು ಅಂತ ಒಡೆದು ಹಾಕಿದರು. ನಿಮ್ಮದೂ ಹಾಗಾಗಬಾರದು ಅಂತ ಮೊದಲೇ ಹೇಳುತ್ತಿದ್ದೇನೆ. ಮೀನಿನ ಎಣ್ಣೆ ಹೊಗೆಗೆ ಮಸಿ ಇನ್ನೂ ಅಂಟಂಟು. ಕೊಳವೆಯ ಬುಡದಲ್ಲಿ ಮಸಿ ತೆಗೆಯಲು ಮುಚ್ಚಳ ಇರುವ ಕಿಂಡಿ ಬಿಡಿಸಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಗುಡಿಸಿ. ಕಟ್ಟಿದ ಮಸಿಗೆ ಬೆಂಕಿ ಹತ್ತಿಕೊಳ್ಳುವುದೂ ಉಂಟು.

ಕರಿಕೆಯವರು ಹೇಳಿದ್ದು ಸರಿ. ಒಲೆಯ ಬಾಯಿ ಹೊರಗೋಡೆ ಕಡೆ ತಿರುಗಿಸಿ, ಆ ಕಡೆ ಮಳೆ ಬೀಳದ ಹಾಗೆ ಸಣ್ಣ ಮಾಡು ಇಳಿಸಿದರೆ ಸಾಕು. ಸೌದೆ ಹಾಕುವವರು ಹೊರಗೆ ನಿಲ್ಲುತ್ತಾರೆ. ಒಲೆ ಸುತ್ತ ಇಟ್ಟಿಗೆಯ ಗೂಡು ಎದೆಮಟ್ಟಕ್ಕೆ ಕಟ್ಟಿ, ಮುಂದೆ ತಗಡಿನ ಬಾಗಿಲು, ಒಳಗೆ ಎಳೆದು ತೆಗೆಯುವ ತಟ್ಟೆಗಳು. ಬಗ್ಗಿ ಮಗುಚುವ ಕೆಲಸ ಇರಲ್ಲ, ತಟ್ಟೆಯನ್ನೇ ಆಚೆ ಎಳೆದು ಮಗುಚಬಹುದು. ಕೆಂಡದ ಮೇಲೆ ಓರೆಯಾಗಿ ಒಂದು ತಗಡಿನ ತಟ್ಟೆ, ಎಣ್ಣೆ ಹರಿದು ಪಕ್ಕದ ಡಬ್ಬಿಗೆ ಬೀಳುವಂತೆ. ಹೊಗೆ ಕೊಳವೆ ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲೆ ಹೋಗಬೇಕು, ತಲೆಗೆ ಟೋಪಿ. ಇಲ್ಲದಿದ್ದರೆ ಬೀಸುಗಾಳಿ ಹೊಗೆಯನ್ನು ಒಳಗೇ ತಳ್ಳುತ್ತೆ. ಹಳೆಯ ಸಿಮೆಂಟ್ ಶೀಟು, ಆಸ್ಬೆಸ್ಟಾಸ್ ಪೈಪು ಕೊಯ್ದು ಹಾಕಲು ಹೋಗಬೇಡಿ, ಆ ದೂಳೂ ಶ್ವಾಸಕೋಶಕ್ಕೆ ಕೆಟ್ಟದ್ದು. ಜಿಐ (ಸತು ಲೇಪದ ಕಬ್ಬಿಣ) ತಗಡಿನ ಕೊಳವೆ ಮಾಡಿಸಿ. ತಗಡಿನ ಮಾಡು ದಾಟುವ ಕಡೆ ಬಿದಿರು, ಟಾರ್ಪಾಲ್ ತಾಗದ ಹಾಗೆ ಸುತ್ತ ಜಾಗ ಬಿಡಬೇಕು.

ಕೋಣೆಗೆ ಗಾಳಿ ಬರಲು ಗೋಡೆ ಬುಡದಲ್ಲಿ ಒಂದು ಕಿಂಡಿ, ಮಾಡಿನ ಕೆಳಗೆ ಎದುರುಬದಿರು ಎರಡು ಕಿಂಡಿ. ಇರಚಲು ತಡೆಯಲು ಓರೆ ಪಟ್ಟಿ ಹೊಡೆದರೆ ಟಾರ್ಪಾಲ್ ಇಳಿಬಿಡುವುದೇ ಬೇಡ. ಕೋಣೆಯ ಉದ್ದ, ಅಗಲ, ಮಾಡಿನ ಎತ್ತರ, ಒಲೆ ಯಾವ ಗೋಡೆ ಕಡೆ ಇದೆ, ಮಳೆಗಾಳಿ ಯಾವ ಕಡೆಯಿಂದ ಹೊಡೆಯುತ್ತೆ ಇಷ್ಟು ಬರೆದು ಹಾಕಿ. ಎಷ್ಟು ಇಟ್ಟಿಗೆ, ಎಷ್ಟು ತಗಡು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.